ಲಿನಕ್ಸ್‌ನಲ್ಲಿ ಯಾವ ಕಡತ ಎಲ್ಲಿದೆ ಎಂದು ಗುರುತಿಸುವುದು ಹೇಗೆ?

ವಿಂಡೋಸ್ ಬಿಟ್ಟು ಲಿನಕ್ಸ್ ಹಾಕಿಸಿಕೊಂಡವರು ಮೊದಲು ಹುಡುಕುವುದು ಸಿ ಡ್ರೈವನ್ನು. ಅದು ಇಲ್ಲಿ ಇಲ್ಲ. ಯುನಿಕ್ಸ್ ಎಂಬ ಹಳೆಯ ಕಾರ್ಯಾಚರಣ ವ್ಯವಸ್ಥೆಯ ಮಾದರಿಯಲ್ಲಿರುವ ಲಿನಕ್ಸ್‌ನಂಥವುಗಳಲ್ಲಿ ಇರುವುದು ಕಡತಗಳ ಒಂದೇ ಮರ. ಅದರ ಬುಡವನ್ನು ಒಂದು ಓರೆಗೆರೆಯಿಂದ (/) ಸೂಚಿಸುತ್ತಾರೆ, ಹೊಸದಾಗಿ ಸಿಕ್ಕಿಸಿದ ಪೆನ್‌ಡ್ರೈವ್ ಕೂಡ ಆ ಮರದ ಕೊಂಬೆಯಾಗಿಯೇ ಕಾಣಿಸುತ್ತದೆ.

ಮೊದಲು ಆದೇಶಗಳನ್ನು ಬರೆಯುವ ಕಿಟಕಿಯಾದ ಟರ್ಮಿನಲ್ ತೆರೆದು, ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಸಿಡಿ (cd) ಎಂದು ಬರೆದು, ಜಾಗ ಬಿಟ್ಟು ಓರೆಗೆರೆ ಹಾಕಿ ಎಂಟರ್ ಒತ್ತಿರಿ. ಅನಂತರ ಎಲ್‌ಎಸ್ (ls) ಎಂದು ಬರೆದು ಎಂಟರ್ ಒತ್ತಿದರೆ ಬುಡದಲ್ಲಿರುವ ಡೈರೆಕ್ಟರಿಗಳ, ಅಂದರೆ ಫೋಲ್ಡರುಗಳ, ಹೆಸರುಗಳು ಮೂಡುತ್ತವೆ. ಅವನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಮುಂಬೈಯ ಮಾಟುಂಗಾದ ಉಡುಪಿ ಹೋಟೆಲೊಂದನ್ನು ನೆನೆಯಿರಿ: ಅಡುಗೆಮನೆಯ ಪಾತ್ರೆ, ಗ್ರೈಂಡರುಗಳು ವರ್ಷಗಟ್ಟಲೆ ಇದ್ದಲ್ಲೇ ಇರುತ್ತವೆ, ದರಪಟ್ಟಿಯನ್ನು ಯಜಮಾನರು ಆಗೊಮ್ಮೆ ಈಗೊಮ್ಮೆ ತಿದ್ದುತ್ತಾರೆ, ಗಲ್ಲಾದ ಲೆಕ್ಕದ ಪುಸ್ತಕವಾದರೋ ದಿನದಿನಕ್ಕೂ ತುಂಬುತ್ತ ಹೋಗುತ್ತದೆ. ಹಾಗೆಯೇ ಪ್ರೋಗ್ರಾಂಗಳು ಯುಎಸ್‌ಆರ್‌ನಲ್ಲಿ (usr), ಅವುಗಳ ಸೆಟ್ಟಿಂಗ್‌ಗಳು ಇಟಿಸಿಯಲ್ಲಿ (etc), ಯಂತ್ರದಲ್ಲಿ ನಡೆದುದನ್ನು ಬರೆದಿಡುತ್ತ ಬೆಳೆಯುತ್ತಲೇ ಇರುವ ಲಾಗ್‌ಗಳು ವಾರ್‌ನಲ್ಲಿ (var) ಇರುತ್ತವೆ. ನಿಮ್ಮ ಸ್ವಂತ ಕಡತಗಳ ಜಾಗ ಹೋಮ್ (home). ತಾತ್ಕಾಲಿಕ ಕಡತಗಳ ಟಿಎಂಪಿಯಲ್ಲಿ (tmp) ಬೇಕಾದುದನ್ನು ಇಡಬೇಡಿ. ಅನೇಕ ಕಡೆ ಯಂತ್ರ ಮರುಚಾಲನೆಯಾದಾಗ ಅದು ಖಾಲಿಯಾಗುತ್ತದೆ.

ಯುಎಸ್‌ಆರ್ ಎಂಬ ಹೆಸರು ದಾರಿ ತಪ್ಪಿಸುತ್ತದೆ. ಅಮೆರಿಕದ ಸಂಶೋಧನಾಲಯವಾದ ಬೆಲ್ ಲ್ಯಾಬ್ಸ್‌ನಲ್ಲಿ 1969ರಲ್ಲಿ ಆರಂಭವಾದ ಯುನಿಕ್ಸ್‌ನ ಮೊದಲ ವರ್ಷಗಳಲ್ಲಿ ಅಲ್ಲಿದ್ದುದು ಬಳಕೆದಾರರ ಕಡತಗಳೇ. ಕ್ರಮೇಣ ಪ್ರೋಗ್ರಾಂಗಳೂ ಅಲ್ಲಿಗೆ ಬಂದು ನೆಲೆಸಿ, ಕೊನೆಗೆ ಬಳಕೆದಾರರೇ ಜಾಗ ಬಿಡಬೇಕಾಯಿತು. ಬಾಡಿಗೆದಾರರು ತಲೆಮಾರುಗಟ್ಟಲೆ ಬಿಡದೆ ನೆಲೆಸುವ ಮುಂಬೈಯ ಪಗಡಿ ಮನೆಗಳ ಕಥೆ ಬಲ್ಲವರಿಗೆ ಇದು ವಿಚಿತ್ರವೆನಿಸದು. ಬುಡದಲ್ಲಿರುವ, ಪ್ರೋಗ್ರಾಂಗಳ ಜಾಗವಾದ ಬಿನ್ (bin) ಕೂಡ ಈಗ ಹಲವು ಲಿನಕ್ಸ್‌ಗಳಲ್ಲಿ ಯುಎಸ್‌ಆರ್ ಒಳಗಿನ ಬಿನ್‌ಗೆ ಕೈ ತೋರುವ ಕೊಂಡಿಯಷ್ಟೆ. ಫೆಡೋರಾ ಎಂಬ ಲಿನಕ್ಸ್ ಈ ಬದಲಾವಣೆಯನ್ನು 2012ರಲ್ಲೇ ಮಾಡಿತು. ಪ್ರಾಕ್ (proc) ಎಂಬ ಡೈರೆಕ್ಟರಿಯಂತೂ ಡಿಸ್ಕಿನಲ್ಲಿಯೇ ಇಲ್ಲ, ತೆರೆದು ನೋಡಿದಾಗ ವ್ಯವಸ್ಥೆಯ ತಿರುಳಾದ ಕರ್ನಲ್ ಅದನ್ನು ಆ ಕ್ಷಣಕ್ಕೆ ಒದಗಿಸುತ್ತದೆ.

ಡಿಸ್ಕ್ ತುಂಬಿತೆಂಬ ಎಚ್ಚರಿಕೆ ಬಂದಾಗ ಈ ವಿಂಗಡಣೆ ನೆರವಿಗೆ ಬರುತ್ತದೆ. ಡಿಎಫ್ ಎಂಬ ಆದೇಶದ ನಂತರ ಜಾಗ ಬಿಟ್ಟು ಅಡ್ಡಗೆರೆ ಮತ್ತು ಎಚ್ ಸೇರಿಸಿದರೆ (df -h) ಉಳಿದ ಜಾಗ ಗೊತ್ತಾಗುತ್ತದೆ. ನಿಮ್ಮ ಹೋಮ್ ಹಗುರವಾಗಿಯೇ ಇದ್ದರೆ ವಾರ್ ಒಳಗೆ ಹೋಗಿ ಲಾಗ್ (log) ಎಂಬ ಡೈರೆಕ್ಟರಿಯನ್ನು ನೋಡಿರಿ. ಹಳೆಯ ಲಾಗ್‌ಗಳು ಅಲ್ಲಿ ರಾಶಿ ಬಿದ್ದಿರುವ ಸಂಭವವೇ ಹೆಚ್ಚು. ಅದರ ಪಕ್ಕದ ಲಿಬ್ (lib) ಎಷ್ಟೇ ದೊಡ್ಡದಾಗಿ ಕಂಡರೂ ಕೈಯಾರೆ ಅಳಿಸಬೇಡಿ: ಯಾವ ಸಾಫ್ಟ್‌ವೇರ್ ಹಾಕಲಾಗಿದೆ ಎಂಬ ದಾಖಲೆಯೂ ಮೈಎಸ್‌ಕ್ಯೂಎಲ್‌ನಂಥ ಡೇಟಾಬೇಸ್‌ಗಳ ಮಾಹಿತಿಯೂ ಸಾಮಾನ್ಯವಾಗಿ ಅಲ್ಲಿಯೇ ಇರುತ್ತವೆ.