ಲೆಕ್ಕ ತಪ್ಪಿದ ದಿನದ ಕಾರ್ಟೂನ್: ನನ್ನ ಅನುಭವ

ಯಾರೂ ನಿರೀಕ್ಷಿಸದ ಫಲಿತಾಂಶ ಬಂದಾಗ ಕಾರ್ಟೂನ್ ಬರೆಯುವವರಿಗೆ ಮೊದಲು ಹೊಳೆಯುವುದು ಗೆದ್ದವರ ನಗು, ಸೋತವರ ಜೋಲು ಮುಖ. ನಾನು ಅದನ್ನು ಬಿಟ್ಟುಬಿಡುತ್ತೇನೆ. ಗೆಲುವು-ಸೋಲು ಪ್ರತಿ ಚುನಾವಣೆಯಲ್ಲೂ ಇದ್ದದ್ದೇ ಅಲ್ವಾ? ಇಂಥ ದಿನ ನಿಜವಾಗಿ ಮುರಿದು ಬೀಳುವುದು 'ಹೀಗೇ ಆಗುತ್ತೆ' ಅಂತ ಎಲ್ಲರೂ ಇಟ್ಟುಕೊಂಡಿದ್ದ ಖಾತ್ರಿ. ಬರೆಯಬೇಕಾದದ್ದು ಅದನ್ನು.

ಹಾಗಾಗಿ ನನ್ನ ಕೆಲಸ ಪ್ರಚಾರದ ಹೊತ್ತಿಗೇ ಶುರುವಾಗುತ್ತದೆ. ಯಾವ ನಾಯಕರು ಯಾವ ಸಂಖ್ಯೆ ಹೇಳಿದರು, ಎಕ್ಸಿಟ್ ಪೋಲ್ ಏನು ಹೇಳಿತು, ಎಲ್ಲವನ್ನೂ ಬರೆದಿಡುತ್ತೇನೆ. ಎಣಿಕೆಯ ದಿನ ಆ ಪುಟಗಳೇ ನನ್ನ ಸಾಮಗ್ರಿ.

2018ರ ಮೇ 15ರಂದು ಕರ್ನಾಟಕದ ಎಣಿಕೆ. ಮತದಾನ ಆಗಿದ್ದ 222 ಕ್ಷೇತ್ರಗಳಲ್ಲಿ ಬಹುಮತಕ್ಕೆ 112 ಬೇಕಿತ್ತು. ಬೆಳಿಗ್ಗೆ ಬಿಜೆಪಿಯ ಮುನ್ನಡೆ ಅದನ್ನೂ ದಾಟಿತು, ಸಂಭ್ರಮ ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ಸಂಖ್ಯೆ ಇಳಿಯಿತು. ಕೊನೆಗೆ ನಿಂತದ್ದು 104ಕ್ಕೆ. ಅಷ್ಟರಲ್ಲಿ 78 ಸ್ಥಾನದ ಕಾಂಗ್ರೆಸ್, 37 ಸ್ಥಾನದ ಜೆಡಿಎಸ್‌ಗೆ ಮುಖ್ಯಮಂತ್ರಿ ಪಟ್ಟ ಬಿಟ್ಟುಕೊಡಲು ಮುಂದೆ ಬಂದಿತ್ತು. ಕುರ್ಚಿ ಎಳೆದಾಟದ ಚಿತ್ರ ಎಲ್ಲರಿಗೂ ಹೊಳೆಯುವಂಥದ್ದು. ನಾನು ತಮಟೆಯವನೊಬ್ಬನನ್ನು ಬರೆದೆ. ಕೋಲು ಗಾಳಿಯಲ್ಲೇ ನಿಂತಿದೆ, ಕಣ್ಣು ಟಿವಿ ಕಡೆ. ಬಾರಿಸಬೇಕೋ ಬೇಡವೋ ಅವನಿಗೆ ಗೊತ್ತಿಲ್ಲ. ಆ ದಿನ ಇಡೀ ರಾಜ್ಯವೇ ಹಾಗಿತ್ತು.

2024ರ ಲೋಕಸಭೆ ಫಲಿತಾಂಶ ಇದಕ್ಕಿಂತ ಕಷ್ಟದ್ದು. 'ಚಾರ್ ಸೌ ಪಾರ್', ಅಂದರೆ 400 ದಾಟುತ್ತೇವೆ ಅನ್ನುವ ಬಿಜೆಪಿಯ ಘೋಷಣೆ ನನ್ನ ಪುಟಗಳ ತುಂಬ ಇತ್ತು. ಜೂನ್ 1ರ ಬಹುತೇಕ ಎಕ್ಸಿಟ್ ಪೋಲ್‌ಗಳು ಬಿಜೆಪಿ ನೇತೃತ್ವದ ಮೈತ್ರಿಕೂಟ ಎನ್‌ಡಿಎಗೆ 350ಕ್ಕಿಂತ ಜಾಸ್ತಿ ಕೊಟ್ಟಿದ್ದವು. ಜೂನ್ 4ರಂದು ಬಂದದ್ದು 293. ಬಿಜೆಪಿಗೆ ಸ್ವಂತವಾಗಿ 240, ಅಂದರೆ ಬಹುಮತದ 272ಕ್ಕೆ 32 ಕಡಿಮೆ. ಅಧಿಕಾರ ಉಳಿಸಿಕೊಂಡವರ ಮುಖದಲ್ಲಿ ಕಳೆ ಇಲ್ಲ, 99 ಪಡೆದ ಕಾಂಗ್ರೆಸ್ ಕಚೇರಿಯಲ್ಲಿ ಹಬ್ಬ. ಗೆದ್ದವರನ್ನು ಸೋತವರಂತೆ ಬರೆದರೆ ಸುಳ್ಳಾಗುತ್ತದೆ. ಮಾಮೂಲಿ ಗೆಲುವಿನಂತೆ ಬರೆದರೂ ಸುಳ್ಳೇ.

ಮೊದಲು ಏಣಿ ಬರೆದು ನೋಡಿದೆ, 272ರ ಗೋಡೆಗೆ ಒರಗಿಸಿದ್ದು. ಅದರಲ್ಲಿ ಸೋಲು ಮಾತ್ರ ಕಾಣುತ್ತಿತ್ತು. ಆಮೇಲೆ ಬಾಗಿಲು ಹೊಳೆಯಿತು. ಕಾರ್ಯಕರ್ತರು '400' ಅಂತ ಬರೆದ ದೊಡ್ಡ ಫಲಕ ಹೊತ್ತು ಒಳಗೆ ಹೋಗುತ್ತಿದ್ದಾರೆ. ಬಾಗಿಲಿನ ಎತ್ತರ 293. ಅವರು ಒಳಗೆ ಹೋಗಬಹುದು, ಫಲಕ ಹೋಗುವುದಿಲ್ಲ. ಎರಡು ಬದಿಯ ಕಂಬಗಳ ಮೇಲೆ 16 ಮತ್ತು 12, ಬಿಜೆಪಿಯ ಮಿತ್ರಪಕ್ಷಗಳಾದ ಟಿಡಿಪಿ ಮತ್ತು ಜೆಡಿಯು ಗೆದ್ದ ಸ್ಥಾನಗಳು. ಒಬ್ಬ ನಾಯಕರ ಮುಖವೂ ಬೇಕಾಗಲಿಲ್ಲ. ಆ ವರ್ಷ ಬರೆದದ್ದರಲ್ಲಿ ನನಗೆ ತುಂಬ ಇಷ್ಟವಾದ ಚಿತ್ರ ಅದು.

ಮತದಾರರ ಬಗ್ಗೆ ಒಂದು ಮಾತು. ಇಂಥ ದಿನ ಅವರನ್ನು ಪೆದ್ದರನ್ನಾಗಿ ಬರೆಯುವವರಿದ್ದಾರೆ, ಬೆತ್ತ ಹಿಡಿದ ಮೇಷ್ಟರನ್ನಾಗಿ ಬರೆಯುವವರೂ ಇದ್ದಾರೆ. ಎರಡೂ ನನಗೆ ಒಪ್ಪಿಗೆಯಿಲ್ಲ. ಕೋಟಿಗಟ್ಟಲೆ ಜನ ಬೇರೆ ಬೇರೆ ಕಾರಣಕ್ಕೆ ಮತ ಹಾಕಿರುತ್ತಾರೆ. ಅವರೆಲ್ಲರ ಬಾಯಿಗೆ ಒಂದೇ ಡೈಲಾಗ್ ತುರುಕುವುದು ಅನ್ಯಾಯ. ಆರ್. ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯ ಮಾತೇ ಆಡದೆ ಸುಮ್ನೆ ನೋಡುತ್ತಾ ನಿಲ್ಲುತ್ತಿದ್ದುದು ಇದಕ್ಕೇ ಇರಬೇಕು ಅನಿಸುತ್ತದೆ.

ಸಂಖ್ಯೆಗಳನ್ನು ಮಾತ್ರ ಕೊನೆಗೆ ತುಂಬುತ್ತೇನೆ. ಚಿತ್ರಕ್ಕೆ ಇಂಕ್ ಮಾಡಿ ಆ ಜಾಗ ಖಾಲಿ ಬಿಟ್ಟಿರುತ್ತೇನೆ. ಟಿವಿಯಲ್ಲಿ ಮುನ್ನಡೆ, ಗೆಲುವು ಎರಡೂ ಕಲಸಿಹೋಗಿರುತ್ತವೆ. ಚುನಾವಣಾ ಆಯೋಗದ ಜಾಲತಾಣದಲ್ಲಿ ಅವು ಬೇರೆ ಬೇರೆ ಇರುತ್ತವೆ. ಆದರೆ ಅಲ್ಲಿ ಲೆಕ್ಕ ಪಕ್ಷವಾರು, ಮೈತ್ರಿಕೂಟದ ಮೊತ್ತವನ್ನು ನಾವೇ ಕೂಡಿಕೊಳ್ಳಬೇಕು. ಬಾಗಿಲ ಮೇಲಿನ 293 ಬರೆದದ್ದು ಹಾಗೆ ಕೂಡಿ, ಇನ್ನೊಮ್ಮೆ ಕೂಡಿ ನೋಡಿದ ಮೇಲೆ.