ಮೊಣಕಾಲಿಗೆ ಸೋನೋಗ್ರಫಿಯೋ, ಎಂಆರ್‌ಐಯೋ?

ನಮ್ಮ ಬೆಳಗಾವಿಯಲ್ಲಿ ಮೊಣಕಾಲು ಹಿಡಿದುಕೊಂಡು ಸ್ಕ್ಯಾನ್‌ಗೆ ಬರುವವರಲ್ಲಿ ಎರಡು ಥರ. ಒಬ್ಬರು ಬಾಗಿಲಲ್ಲೇ ‘ಎಂಆರ್‌ಐನೇ ಮಾಡ್ರಿ ಸರ, ರೊಕ್ಕ ಹೋದ್ರ ಹೋಗ್ಲಿ’ ಅನ್ನುತ್ತಾರೆ. ಇನ್ನೊಬ್ಬರು ಸೋನೋಗ್ರಫಿ ರೂಮಿನ ಮುಂದೆ ಲಿಂಗ ಪತ್ತೆ ಮಾಡುವುದಿಲ್ಲ ಅನ್ನುವ ಬೋರ್ಡು ಓದಿ, ‘ಇದು ಬಸರ ಹೆಣ್ಮಕ್ಕಳದಲ್ರೀ?’ ಎಂದು ಕುಂಟುತ್ತಾ ವಾಪಸ್ ಹೊರಡುತ್ತಾರೆ. ಸ್ಕ್ಯಾನ್ ರೂಮಿನಲ್ಲಿ ಕೆಲಸ ಮಾಡುವ ನಾನು ಇಬ್ಬರನ್ನೂ ತಡೆದು ನಿಲ್ಲಿಸಿದ್ದೇನೆ.

1. ಮೊದಲು ಡಾಕ್ಟರ್ ಕೈಯಿಟ್ಟು ನೋಡಲಿ. ವಯಸ್ಸಾದವರ ಸವೆತಕ್ಕೆ ಬಹಳ ಸಲ ಎಕ್ಸ್‌ರೇ ಸಾಕು. ಅದನ್ನು ನಿಂತೇ ತೆಗೆಸಿ.

2. ನೋವು ಎಲ್ಲಿ, ಹೇಗೆ ಅಂತ ಬಿಡಿಸಿ ಹೇಳಿ. ಎಲ್ಲರೂ ಎಡವುವುದು ಇಲ್ಲೇ. ಚೀಟಿಯಲ್ಲಿ ಬರೀ ‘ಮೊಣಕಾಲು ನೋವು’ ಅಂತಿದ್ದರೆ ಏನು ಹುಡುಕಬೇಕು ಅನ್ನುವುದೇ ತಿಳಿಯುವುದಿಲ್ಲ. ಒಂದೇ ಬೆರಳಿಂದ ತೋರಿಸಿ. ಚಿಪ್ಪಿನ ಕೆಳಗಿನ ಟೆಂಡನ್ ಅನ್ನುವ ಗಟ್ಟಿ ಹುರಿ ಮುಟ್ಟಿದರೆ ಚುರ್ ಅನ್ನುತ್ತದಾ? ಹಿಂದೆ ಮಡಿಕೆಯಲ್ಲಿ ನಿಂಬೆಹಣ್ಣಿನಂಥ ಗಂಟಿದೆಯಾ? ಚಿಪ್ಪಿನ ಮೇಲ್ಭಾಗದಲ್ಲಿ ನೀರು ತುಂಬಿದೆಯಾ? ಇವೆಲ್ಲ ಚರ್ಮದ ಹತ್ತಿರದವು, ಸೋನೋಗ್ರಫಿಗೆ ಚೆನ್ನಾಗಿ ಸಿಗುತ್ತವೆ. ಕಾಲು ಮಡಚಿಸಿ, ಚಾಚಿಸಿ, ಇನ್ನೊಂದು ಕಾಲಿನ ಜೊತೆ ಹೋಲಿಸಿ ನೋಡಬಹುದು. ಸೂಜಿ ಎಲ್ಲಿ ಹೋಗುತ್ತಿದೆ ಅಂತ ನೋಡುತ್ತಲೇ ನೀರೂ ತೆಗೆಯಬಹುದು.

ಆದರೆ ಸೋನೋಗ್ರಫಿ ನೋಡುವುದು ಶಬ್ದದ ಅಲೆಯಿಂದ, ಅದು ಎಲುಬು ದಾಟುವುದಿಲ್ಲ. ಕುಸ್ತಿ ಆಡುವ ಹುಡುಗನ ಕಾಲು ತಿರುಚಿ ಒಳಗೆ ‘ಟಪ್’ ಅಂದಿದೆ, ಎರಡು ತಾಸಿನಲ್ಲಿ ಬಾತಿದೆ, ಈಗ ಮೆಟ್ಟಿಲು ಇಳಿಯುವಾಗ ಕಾಲೇ ಕೈಕೊಡುತ್ತದೆ ಅಂದರೆ ಅನುಮಾನ ಕೀಲಿನ ನಡುವೆ ಎಲುಬುಗಳನ್ನು ಹಿಡಿದಿಡುವ ಎಸಿಎಲ್ ಅನ್ನುವ ಕಟ್ಟಿನ ಮೇಲೆ. ಮೊಣಕಾಲು ಅರ್ಧಕ್ಕೇ ಸಿಕ್ಕಿಹಾಕಿಕೊಂಡರೆ ಮಿನಿಸ್ಕಸ್ ಅನ್ನುವ ಗಾದಿಯ ಮೇಲೆ. ಸೋನೋಗ್ರಫಿಯಲ್ಲಿ ಈ ಗಾದಿಯ ಹೊರಅಂಚು ಕಂಡರೆ ಪುಣ್ಯ. ಇವಕ್ಕೂ, ಎಲುಬಿನೊಳಗಿನ ಪೆಟ್ಟಿಗೂ ಎಂಆರ್‌ಐಯೇ ಬೇಕು. ಹಾಗಂತ ಐವತ್ತು ದಾಟಿದವರು ಸುಮ್ನೆ ಒಂದು ಮಾಡಿಸಿಡೋಣ ಅನ್ನಬೇಡಿ. ಆ ವಯಸ್ಸಲ್ಲಿ ನೋವೇ ಇಲ್ಲದ ಮೊಣಕಾಲಲ್ಲೂ ಹರಿದ ಮಿನಿಸ್ಕಸ್ ಕಾಣಿಸುವುದುಂಟು. ರಿಪೋರ್ಟ್ ಓದಿ ನಿದ್ದೆ ಕೆಡುವುದು ಬೇಕಾ?

3. ಸೋನೋಗ್ರಫಿ ಅಂದರೆ ಚರ್ಮದ ಮೇಲೆ ಆಡಿಸುವ ಪ್ರೋಬ್ ಚಪ್ಪಟೆ ಮೂತಿಯ ಲೀನಿಯರ್ ಪ್ರೋಬೇ ಇರಬೇಕು. ಹೊಟ್ಟೆ ನೋಡುವ ಬಾಗಿದ ಪ್ರೋಬಿನಲ್ಲೇ ಮುಗಿಸಿದರೆ ಯಾಕೆ ಅಂತ ಕೇಳಿ. ಮೊಣಕಾಲಡಿ ದಿಂಬಿಟ್ಟು ಸ್ವಲ್ಪ ಮಡಚಿದರೆ ಟೆಂಡನ್ ಬಿಗಿಯಾಗುತ್ತದೆ. ಪ್ರೋಬ್ ತುಸು ಓರೆಯಾದರೂ ಗಟ್ಟಿಮುಟ್ಟಾದ ಟೆಂಡನ್ ಕಪ್ಪಾಗಿ, ಹರಿದಂತೆ ಕಾಣುತ್ತದೆ. ಅದಕ್ಕೇ ನಾನು ಮಷಿನ್ ಯಾವುದು ಅಂತ ಕೇಳುವುದಿಲ್ಲ, ಪ್ರೋಬ್ ಹಿಡಿಯುವವರು ಯಾರು ಅಂತ ಕೇಳುತ್ತೇನೆ. ನೋವಿನ ಪಟ್ಟಿ ಅಂಟಿಸಿಕೊಂಡು ಬರಬೇಡಿ. ಕೂದಲ ಸಮೇತ ಕೀಳುವ ಪಾಪ ನಮಗೆ. ಎಂಆರ್‌ಐಗಂತೂ ಬೇಡವೇ ಬೇಡ, ಕೆಲವು ಪಟ್ಟಿಗಳಲ್ಲಿ ಲೋಹದ ಹಾಳೆ ಇರುತ್ತದೆ.

4. ಎಂಆರ್‌ಐ ಸದ್ದು ಮಾಡದೆ ನಿಂತಿದ್ದರೂ ಅದರ ಅಯಸ್ಕಾಂತ ಸದಾ ಚಾಲೂ. ಕಾಲುಂಗುರ, ತಾಳಿ ತೆಗೆದಿಡಿ. ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಿ. ಉದ್ಯಮಬಾಗದ ಫೌಂಡ್ರಿ, ಲೇತುಗಳಲ್ಲಿ ದುಡಿದವರು ಇನ್ನೊಂದು ಮಾತು ಹೇಳಲೇಬೇಕು: ಯಾವತ್ತಾದರೂ ಕಣ್ಣಿಗೆ ಕಬ್ಬಿಣದ ಚೂರು ಹಾರಿತ್ತಾ? ಹತ್ತು ವರ್ಷದ ಹಿಂದಿನದಾದರೂ ಸರಿ. ಉಳಿದ ಚೂರು ಒಳಗೇ ಸರಿದು ಕಣ್ಣು ಹಾಳಾಗಬಹುದು.

ಸುಮಾರು ಅರ್ಧ ತಾಸು ಕಾಲು ಅಲ್ಲಾಡಬಾರದು. ಮೊನ್ನೆ ಕಾಕಾ ಒಬ್ಬರು ಸದ್ದು ನಿಂತ ಕೂಡಲೇ ‘ಮುಗೀತೇನಪಾ?’ ಅಂತ ಕಾಲು ಮಡಚಿಬಿಟ್ಟರು. ಮುಗಿದಿರಲಿಲ್ಲ. ಮತ್ತೆ ಮೊದಲಿಂದ ಹೊಂದಿಸಬೇಕಾಯಿತು. ನಡುನಡುವೆ ಸದ್ದು ನಿಲ್ಲುತ್ತದೆ, ನಾವು ಬಂದು ಎಬ್ಬಿಸುವ ತನಕ ಮಲಗಿರಿ. ಒಳಗೆ ಹೋಗುವ ಮುಂಚೆ ಒಂದಕ್ಕೆ ಹೋಗಿಬನ್ನಿ.