ತೊಳೆದುಹೋಗುವುದು ಮನೆಯಲ್ಲಿ, ಮೈಮೇಲೆ ಉಳಿಯುವುದು ಅಂಗಡಿಯಲ್ಲಿ

ನಮ್ಮ ಮನೆಯಲ್ಲಿ ನಾವು ಮೂವರು ಹೆಂಗಸರು: ಅತ್ತೆ, ನಾನು, ಪಿಯುಸಿ ಓದುವ ಮಗಳು. ಮೂವರ ಕೂದಲೂ ಮೂರು ಥರ, ಚರ್ಮವೂ ಹಾಗೇ. ಒಬ್ಬೊಬ್ಬರಿಗೆ ಒಂದೊಂದು ಶಾಂಪೂ, ಕಂಡೀಷನರ್, ಫೇಸ್‌ವಾಶ್, ಸ್ಕ್ರಬ್, ಲೋಷನ್ ಅಂತ ತರುತ್ತಾ ಹೋದರೆ ತಿಂಗಳ ಸಾಮಾನಿನ ಚೀಟಿಯಲ್ಲಿ ಬೇಳೆಕಾಳಿಗಿಂತ ಬಚ್ಚಲುಮನೆಯ ಖರ್ಚೇ ಮೇಲಾಗುತ್ತದೆ. ಅದಕ್ಕೇ ನಾನು ಒಂದು ಕಟ್ಟುಪಾಡು ಮಾಡಿಕೊಂಡಿದ್ದೇನೆ. ಹಚ್ಚಿ ತೊಳೆದುಬಿಡುವುದನ್ನು ಮನೆಯಲ್ಲೇ ಮಾಡಿಕೊಳ್ಳುವುದು, ಇಡೀ ದಿನ ಮೈಮೇಲೆ ಉಳಿಯುವುದನ್ನು ಅಂಗಡಿಯಿಂದ ತರುವುದು. ಐದು ನಿಮಿಷದಲ್ಲಿ ಮೋರಿಗೆ ಹೋಗುವ ವಸ್ತುವಿಗೆ ನೂರಾರು ರೂಪಾಯಿ ಸುರಿಯಬೇಕಾಗಿಲ್ಲ. ಉಳಿಯುವುದಕ್ಕೆ ಮಾತ್ರ ಸರಿಯಾದ ಅಳತೆ, ಶುದ್ಧತೆ, ಕೆಡದಂತೆ ಕಾಯುವ ಪದಾರ್ಥ ಎಲ್ಲವೂ ಬೇಕು. ಅದು ಅಡುಗೆಮನೆಯಲ್ಲಿ ಆಗುವ ಕೆಲಸವಲ್ಲ.

ಎಲ್ಲಕ್ಕಿಂತ ಹೆಚ್ಚು ದುಡ್ಡು ಉಳಿಸಿಕೊಟ್ಟಿರುವುದು ಸೀಗೆಪುಡಿ. ಶಿವರಾತ್ರಿ ಕಳೆದು ಬಿಸಿಲು ಬಲಿತ ಮೇಲೆ ವರ್ಷಕ್ಕಾಗುವಷ್ಟು ಒಟ್ಟಿಗೇ ಮಾಡಿಸುತ್ತೇನೆ. ಕಾಯಿ ತರುವುದು ಮೈಸೂರಿನ ದೇವರಾಜ ಮಾರುಕಟ್ಟೆ ಕಡೆಯ ಗ್ರಂಥಿಗೆ ಅಂಗಡಿಯಿಂದ. ಚೀಲದ ಮೇಲಿನದನ್ನು ನೋಡಿ ಒಪ್ಪಿಕೊಳ್ಳಬಾರದು. ಒಳಗೆ ಕೈ ಹಾಕಿ ಒಂದು ಹಿಡಿ ತೆಗೆದು ನೋಡಬೇಕು. ಹುಳು ಕೊರೆದ ತೂತಿರಬಾರದು, ಮುರಿದರೆ ಪಟ್ ಎನ್ನಬೇಕು. ಒಂದು ಕೆಜಿ ಸೀಗೆಕಾಯಿಗೆ ಕಾಲು ಕೆಜಿ ಹೆಸರುಕಾಳು, 100 ಗ್ರಾಂ ಮೆಂತ್ಯ, ಬೀಜ ತೆಗೆದ ಅಂಟುವಾಳ 100 ಗ್ರಾಂ, ನೆರಳಲ್ಲಿ ಒಣಗಿಸಿದ ದಾಸವಾಳದ ಎಲೆ ಎರಡು ಬೊಗಸೆ. ಇಷ್ಟೇ ನನ್ನ ಅಳತೆ. ಹೆಸರುಕಾಳು, ಮೆಂತ್ಯ ಎರಡೂ ಕೂದಲು ಒರಟಾಗದಂತೆ ನೋಡಿಕೊಳ್ಳುತ್ತವೆ. ಬರೀ ಸೀಗೆಕಾಯಿ ಹಾಕಿದರೆ ಅತ್ತೆಯ ಒಣಕೂದಲು ತೆಂಗಿನ ನಾರಿನಂತಾಗುತ್ತದೆ.

ಎಲ್ಲ ಮಿಲ್ಲಿನವರೂ ಸೀಗೆಕಾಯಿ ಬೀಸಿಕೊಡುವುದಿಲ್ಲ. ಅದರ ಘಾಟು ರಾಗಿ, ಅಕ್ಕಿ ಹಿಟ್ಟಿಗೆ ಸೇರುತ್ತದೆ ಅಂತ ಬೇರೆಯೇ ಯಂತ್ರ ಇಟ್ಟಿರುವವರ ಹತ್ತಿರ ಹೋಗಬೇಕು. ನಮ್ಮ ಮಿಲ್ಲಿನವರು ಮೊದಲು ಕಾಯಿ ಮುಟ್ಟಿ ನೋಡುತ್ತಾರೆ. "ಅಕ್ಕಾ, ಇನ್ನೊಂದಿನ ಬಿಸ್ಲಿಗೆ ಹಾಕ್ಕೊಂಡು ಬನ್ನಿ, ಇದು ಮೆತ್ತಗಿದೆ, ಮಿಷನ್‌ಗೆ ಅಂಟ್ಕೊಳುತ್ತೆ" ಅಂತ ವಾಪಸು ಕಳಿಸಿದ್ದೂ ಇದೆ. ಅವರು ಹೇಳುವುದು ಸರಿ. ಪಸೆ ಉಳಿದ ಕಾಯಿಯ ಪುಡಿ ಮಳೆಗಾಲ ಬರುವಷ್ಟರಲ್ಲಿ ಗಂಟುಕಟ್ಟಿ ಬೂಷ್ಟು ಹಿಡಿಯುತ್ತದೆ. ಬೀಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಂಡು ದೂರ ನಿಲ್ಲಿ, ಸೀನು ನಿಲ್ಲುವುದೇ ಇಲ್ಲ. ಪುಡಿ ಬಿಸಿಬಿಸಿಯಾಗಿ ಬರುತ್ತದೆ. ಹಳೇ ಸೀರೆಯ ಮೇಲೆ ಹರವಿ, ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ತುಂಬಬೇಕು.

ಬಳಸುವಾಗ ಎರಡು ದೊಡ್ಡ ಚಮಚ ಪುಡಿಯನ್ನು ಉಗುರು ಬೆಚ್ಚಗಿನ ಅನ್ನದ ಗಂಜಿಯಲ್ಲಿ ಹತ್ತು ನಿಮಿಷ ನೆನೆಸಿ, ತೆಳು ಬಟ್ಟೆಯಲ್ಲಿ ಸೋಸುತ್ತೇನೆ. ಸೋಸುವ ತಾಳ್ಮೆ ಇಲ್ಲದೆಯೇ ಬಹಳ ಜನ ಸೀಗೆಪುಡಿ ಬಿಟ್ಟಿರುವುದು: ಕೂದಲಲ್ಲಿ ಪುಡಿ ಉಳಿಯುತ್ತದೆ, ಬಚ್ಚಲು ಕಟ್ಟಿಕೊಳ್ಳುತ್ತದೆ. ಸೋಸಿದರೆ ಎರಡೂ ತೊಂದರೆಯಿಲ್ಲ. ಕಣ್ಣು ಮಾತ್ರ ಗಟ್ಟಿಯಾಗಿ ಮುಚ್ಚಿಕೊಳ್ಳಬೇಕು. ಸೀಗೆಕಾಯಿಯಲ್ಲಿ ಸಪೋನಿನ್ ಅನ್ನುವ ಅಂಶವಿದೆ, ಕೊಳೆ ಬಿಡಿಸುವುದು ಅದೇ. ಶಾಂಪೂವಿನಷ್ಟು ನೊರೆ ಬರುವುದಿಲ್ಲ. ನೊರೆ ಕಡಿಮೆ ಅಂದಮಾತ್ರಕ್ಕೆ ತಲೆ ಸ್ವಚ್ಛವಾಗಿಲ್ಲ ಅಂತಲ್ಲ. ಹಬ್ಬದ ಎಣ್ಣೆಸ್ನಾನಕ್ಕೆ ಅತ್ತೆ ಚಿಗರೆಪುಡಿಯನ್ನೂ ಕಲಸುತ್ತಾರೆ, ಎಷ್ಟು ಜಿಡ್ಡಿದ್ದರೂ ಬಿಡುತ್ತದೆ. ಬೆಳಿಗ್ಗೆ ಕಾಲೇಜಿಗೆ ಓಡುವ ಮಗಳಿಗೆ ಇದೆಲ್ಲ ಸಾಧ್ಯವಿಲ್ಲ. ಅವಳಿಗೆ ವಾರದ ದಿನ ಶಾಂಪೂ, ಭಾನುವಾರ ಸೀಗೆಪುಡಿ.

ಮುಖಕ್ಕೆ ಹೆಸರುಹಿಟ್ಟು. ಕಡಲೆಹಿಟ್ಟಿಗಿಂತ ನುಣುಪು, ಉಜ್ಜಿದರೆ ಉರಿಯುವುದಿಲ್ಲ. ಅತ್ತೆಗೆ ಹಾಲಿನ ಕೆನೆಯಲ್ಲಿ, ಮಗಳಿಗೆ ನೀರುಮಜ್ಜಿಗೆಯಲ್ಲಿ ಕಲಸುತ್ತೇನೆ. ಮಗಳದು ಜಿಡ್ಡು ಮುಖವಾದ್ದರಿಂದ ವಾರಕ್ಕೊಮ್ಮೆ ಮುಲ್ತಾನಿ ಮಿಟ್ಟಿಯೂ ಉಂಟು. ಅದು ಬಿರುಕು ಬಿಡುವಷ್ಟು ಒಣಗುವ ತನಕ ಕಾಯಬಾರದು, ಅರ್ಧ ಹಸಿ ಇರುವಾಗಲೇ ತೊಳೆಯಬೇಕು; ಇಲ್ಲದಿದ್ದರೆ ಚರ್ಮ ಬಿಗಿದು ಉರಿಯುತ್ತದೆ. ಡಬ್ಬಿಯಲ್ಲಿ ಇಡುವುದು ಒಣಪುಡಿ ಮಾತ್ರ. ನೀರು ಸೇರಿದ ಕೂಡಲೇ ಸೂಕ್ಷ್ಮಜೀವಿಗಳು ಬೆಳೆಯಲು ಶುರು. ಕಲಸಿದ್ದು ಅಂದಿಗೆ ಮುಗಿಯಬೇಕು, ಫ್ರಿಜ್ಜಿನಲ್ಲಿಟ್ಟು ವಾರವಿಡೀ ಬಳಿಯುವ ವ್ಯವಹಾರ ಬೇಡ.

ನಿಂಬೆರಸವನ್ನು ನಮ್ಮ ಮನೆಯಲ್ಲಿ ಯಾರ ಮುಖಕ್ಕೂ ಮುಟ್ಟಿಸುವುದಿಲ್ಲ. ಅದರ ಹುಳಿ ಚರ್ಮಕ್ಕೆ ವಿಪರೀತ. ರಸ ತಾಗಿದ ಜಾಗಕ್ಕೆ ಬಿಸಿಲು ಬಿದ್ದರೆ ಸುಟ್ಟಂತೆ ಬೊಬ್ಬೆ ಬಂದು, ಕಪ್ಪುಕಲೆ ತಿಂಗಳುಗಟ್ಟಲೆ ಉಳಿಯಬಹುದು. ಅಡುಗೆ ಸೋಡಾ ಇದಕ್ಕೆ ತದ್ವಿರುದ್ಧ, ಕ್ಷಾರ, ಅದೂ ಬೇಡ. ಮನೆಯಲ್ಲಿ ಸಿಗುವುದೆಲ್ಲ ಮುಖಕ್ಕೆ ಒಳ್ಳೆಯದು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ನನ್ನ ಕಟ್ಟುಪಾಡಿಗೆ ಎರಡು ವಿನಾಯಿತಿಗಳಿವೆ: ತಲೆಗೆ ಹಚ್ಚುವ ಎಣ್ಣೆ ಮತ್ತು ತುಟಿಯ ಮುಲಾಮು. ಎರಡೂ ಮೈಮೇಲೆ ಉಳಿಯುವಂಥವೇ, ಆದರೆ ಎರಡರಲ್ಲೂ ನೀರಿಲ್ಲ, ಹಾಗಾಗಿ ಬೇಗ ಕೆಡುವುದಿಲ್ಲ. ಗಾಣದ ಕೊಬ್ಬರಿ ಎಣ್ಣೆಗೆ ದಾಸವಾಳ, ಕರಿಬೇವು ಹಾಕಿ ಸಣ್ಣ ಉರಿಯಲ್ಲಿ ಕಾಯಿಸುವಾಗ ಕಿವಿಗೊಟ್ಟು ಕೇಳಬೇಕು. ಎಲೆಯ ನೀರು ಇರುವಷ್ಟು ಹೊತ್ತೂ ಚಟಪಟ ಸದ್ದು ಬರುತ್ತದೆ. ಸದ್ದು ನಿಂತು, ಎಲೆ ಹಪ್ಪಳದ ಹಾಗೆ ಗರಿಗರಿಯಾದ ಮೇಲೆ ಇಳಿಸಬೇಕು. ಮುಂಚೆಯೇ ಇಳಿಸಿದರೆ ಎಣ್ಣೆ ಕಮಟು ಹಿಡಿಯುತ್ತದೆ. ತುಟಿಗೆ ಒಂದು ಪಾಲು ಜೇನುಮೇಣ, ಮೂರು ಪಾಲು ಕೊಬ್ಬರಿ ಎಣ್ಣೆ. ಬಿಸಿನೀರಿನ ಪಾತ್ರೆಯೊಳಗೆ ಬಟ್ಟಲಿಟ್ಟು ಕರಗಿಸಿ ಪುಟ್ಟ ಡಬ್ಬಿಗೆ ಸುರಿದರೆ ಆಯಿತು. ಕೊಬ್ಬರಿ ಎಣ್ಣೆ 24–25 ಡಿಗ್ರಿಗೇ ಕರಗುವುದರಿಂದ ಬೇಸಿಗೆಯಲ್ಲಿ ಮೇಣ ಸ್ವಲ್ಪ ಹೆಚ್ಚಿರಲಿ.

ಚಳಿಗಾಲದಲ್ಲಿ ಕೈಕಾಲು ಒಡೆಯುವುದಕ್ಕೆ ನಾನು ಹೋಗುವುದು ಮೆಡಿಕಲ್ ಸ್ಟೋರಿಗೆ, ಸೌಂದರ್ಯವರ್ಧಕದ ಅಂಗಡಿಗಲ್ಲ. ಒಂದು ಬಾಟಲಿ ಗ್ಲಿಸರಿನ್, ಒಂದು ಡಬ್ಬಿ ಪೆಟ್ರೋಲಿಯಂ ಜೆಲ್ಲಿ ಇದ್ದರೆ ನಮ್ಮ ಮೂವರ ಚಳಿಗಾಲ ಕಳೆಯುತ್ತದೆ. ಸ್ನಾನವಾದ ತಕ್ಷಣ, ಅಂಗೈ ಇನ್ನೂ ಒದ್ದೆಯಿರುವಾಗಲೇ ನಾಲ್ಕು ಹನಿ ಗ್ಲಿಸರಿನ್ ಹಾಕಿ ಹಚ್ಚಿಕೊಳ್ಳಬೇಕು. ನೀರಿಲ್ಲದೆ ಹಚ್ಚಿದರೆ ಅಂಟಂಟು. ಹಿಮ್ಮಡಿಗೆ ರಾತ್ರಿ ಜೆಲ್ಲಿ ಹಚ್ಚಿ ಕಾಲುಚೀಲ ಹಾಕಿಕೊಂಡು ಮಲಗುವುದು. ದುಬಾರಿ ಲೋಷನ್ನುಗಳ ಹಿಂಬದಿ ಓದಿ ನೋಡಿ, ಬಹುಪಾಲು ಅವುಗಳಲ್ಲಿ ಇರುವುದೂ ಇವೇ.

ಹಿಂಬದಿ ಓದುವ ಅಭ್ಯಾಸ ಎಲ್ಲರಿಗೂ ಬರಬೇಕು ಅನ್ನುವುದು ನನ್ನ ಆಸೆ. ಪದಾರ್ಥಗಳ ಪಟ್ಟಿಯಲ್ಲಿ ಹೆಚ್ಚು ಇರುವುದು ಮೊದಲು, ಕಡಿಮೆ ಇರುವುದು ಕೊನೆಗೆ ಬರುತ್ತದೆ. ಬಾಟಲಿ ತುಂಬಾ ಲೋಳೆಸರದ ಚಿತ್ರವಿದ್ದು, ಪಟ್ಟಿಯಲ್ಲಿ ಲೋಳೆಸರದ ಹೆಸರು ಸುಗಂಧದ ಹತ್ತಿರ ಬಂದರೆ ನಾವು ಚಿತ್ರಕ್ಕೆ ದುಡ್ಡು ಕೊಡುತ್ತಿದ್ದೇವೆ ಅಂತಲೇ ಅರ್ಥ. ಈಗ ಎಂಆರ್‌ಪಿ ಜೊತೆಗೆ ಒಂದು ಗ್ರಾಂಗೆ ಅಥವಾ ಒಂದು ಎಂಎಲ್‌ಗೆ ಎಷ್ಟು ಬೀಳುತ್ತದೆ ಅನ್ನುವುದನ್ನೂ ಅಚ್ಚು ಹಾಕಿರುತ್ತಾರೆ. 'ಒಂದು ಕೊಂಡರೆ ಒಂದು ಉಚಿತ' ಅನ್ನುವುದಕ್ಕಿಂತ ಆ ಸಣ್ಣ ಅಂಕಿ ನೋಡಿದರೆ ಯಾವುದು ಅಗ್ಗ ಅಂತ ತಿಳಿಯುತ್ತದೆ. ಶಾಂಪೂವಿನಲ್ಲಿ ಎಷ್ಟೋ ಸಲ ದೊಡ್ಡ ಬಾಟಲಿಗಿಂತ ಸ್ಯಾಶೆಯೇ ಅಗ್ಗ. ಸೋಪಿಗೆ ಟಿಎಫ್‌ಎಂ, ಅಂದರೆ ಅದರಲ್ಲಿರುವ ಒಟ್ಟು ಕೊಬ್ಬಿನ ಅಂಶ, ಎಷ್ಟಿದೆ ನೋಡಿ. ಶೇಕಡಾ 76 ಅಥವಾ ಮೇಲಿದ್ದರೆ ಗ್ರೇಡ್ 1, ಅದು ನೀರಲ್ಲಿ ಬೇಗ ಕರಗಿಹೋಗುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸೋಪು, ಶಾಂಪೂ, ತಲೆಗೆಣ್ಣೆ, ಫೇಸ್ ಪೌಡರ್ ಮೇಲಿನ ಜಿಎಸ್‌ಟಿ ಶೇಕಡಾ 18ರಿಂದ 5ಕ್ಕೆ ಇಳಿದಿದೆ. ಬಿಲ್ಲು ನೋಡಿ ತೆಗೆದುಕೊಳ್ಳಿ.

ಕಾಡಿಗೆ ವಿಷಯದಲ್ಲಿ ಅತ್ತೆಗೂ ನನಗೂ ಸ್ವಲ್ಪ ಚರ್ಚೆಯಾಗಿದೆ. ಅವರ ಕಾಲದಲ್ಲಿ ಹರಳೆಣ್ಣೆ ದೀಪದ ಮಸಿ ಹಿಡಿದು ಮನೆಯಲ್ಲೇ ಮಾಡುತ್ತಿದ್ದರು, ಚೆಂದವಾಗಿಯೇ ಇರುತ್ತಿತ್ತು. ಆದರೂ ಕಣ್ಣಿನೊಳಗೆ ಹೋಗುವ ವಸ್ತು ಅಂದಮೇಲೆ ಸೀಲ್ ಇರುವ, ಬ್ಯಾಚ್ ನಂಬರ್ ಇರುವ ಕಾಡಿಗೆಯನ್ನೇ ತರುತ್ತೇನೆ. ಫುಟ್‌ಪಾತಿನಲ್ಲಿ ಬಳೆ, ಕ್ಲಿಪ್ಪು, ಬಾಚಣಿಗೆ ಚೌಕಾಸಿ ಮಾಡಿ ಕೊಳ್ಳುತ್ತೇನೆ. ಲಿಪ್‌ಸ್ಟಿಕ್, ಕಾಡಿಗೆ ಎಷ್ಟೇ ಕಡಿಮೆಗೆ ಸಿಕ್ಕರೂ ಇಲ್ಲ. ಮೆಡಿಕಲ್ ಸ್ಟೋರಿನಲ್ಲಿ 'ಬೆಳ್ಳಗಾಗಲು' ಅಂತ ಕೇಳಿ ತರುವ ಟ್ಯೂಬುಗಳ ಬಗ್ಗೆ ಮಗಳ ಗೆಳತಿಯರಿಗೂ ಕೂರಿಸಿಕೊಂಡು ಹೇಳಿದ್ದೇನೆ. ಪಟ್ಟಿಯಲ್ಲಿ ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೋಬೆಟಾಸಾಲ್ ಅಂತಿದ್ದರೆ ಅದು ಸ್ಟೀರಾಯ್ಡ್. ವೈದ್ಯರು ಹೇಳದೆ ಹಚ್ಚುತ್ತಾ ಹೋದರೆ ಚರ್ಮ ತೆಳುವಾಗಿ, ಕೆಂಪಾಗಿ, ಮೊಡವೆಯೆದ್ದು, ಬಿಟ್ಟ ಮೇಲೆ ಇನ್ನಷ್ಟು ಉರಿಯುತ್ತದೆ. ಅಗ್ಗದ ಟ್ಯೂಬಿಗೆ ಆಮೇಲೆ ಚರ್ಮವೈದ್ಯರ ಹತ್ತಿರ ತೆರುವ ಬೆಲೆ ದೊಡ್ಡದು.

ಉಳಿಸಿದ ದುಡ್ಡಿನಲ್ಲಿ ಕೈಬಿಚ್ಚಿ ಖರ್ಚು ಮಾಡುವುದು ಸನ್‌ಸ್ಕ್ರೀನ್ ಒಂದಕ್ಕೇ. ಕೊಬ್ಬರಿ ಎಣ್ಣೆಯಾಗಲಿ, ಲೋಳೆಸರವಾಗಲಿ ಅದರ ಕೆಲಸ ಮಾಡಲಾರವು. ಇಲ್ಲೂ ಲೆಕ್ಕವಿದೆ. ಎಸ್‌ಪಿಎಫ್ ಅಂದರೆ ಬಿಸಿಲಿನಿಂದ ಎಷ್ಟು ಕಾಯುತ್ತದೆ ಅನ್ನುವ ಅಳತೆ. ಅದು 30 ಇರುವುದು ಚರ್ಮ ಸುಡುವ ಯುವಿಬಿ ಕಿರಣಗಳಲ್ಲಿ ಶೇಕಡಾ 97ರಷ್ಟನ್ನು ತಡೆದರೆ, 50 ಇರುವುದು ಶೇಕಡಾ 98. ಆ ಒಂದಕ್ಕಾಗಿ ದುಪ್ಪಟ್ಟು ಕೊಟ್ಟು, ಬೆಲೆಗೆ ಹೆದರಿ ಚುಕ್ಕೆ ಚುಕ್ಕೆ ಹಚ್ಚುವುದಕ್ಕಿಂತ 30ನ್ನೇ ಕೊಂಡು ಎರಡು ಬೆರಳುದ್ದ ತೆಗೆದು ಧಾರಾಳವಾಗಿ ಹಚ್ಚುವುದು ಮೇಲು. ತರುವುದು ಹಬ್ಬದ ರಿಯಾಯಿತಿಯಲ್ಲಿ, ಅದೂ ಎರಡೇ ಟ್ಯೂಬು. ಟ್ಯೂಬಿನ ಮೇಲೆ ಅಚ್ಚಾಗಿರುವ, ತೆರೆದ ಡಬ್ಬಿಯ ಪುಟ್ಟ ಚಿತ್ರದೊಳಗೆ 12ಎಂ ಅಂತಿದ್ದರೆ ಮುಚ್ಚಳ ತೆಗೆದ ಮೇಲೆ ಹನ್ನೆರಡು ತಿಂಗಳು ಮಾತ್ರ. ರಿಯಾಯಿತಿಗೆ ಇಟ್ಟ ಮಾಲಿನ ಅವಧಿಯೂ ಸಾಮಾನ್ಯವಾಗಿ ಹತ್ತಿರವಿರುತ್ತದೆ. ಫೇಸ್ ಪೌಡರಾದರೆ ಮೂರು ಡಬ್ಬಿ ತಂದಿಟ್ಟರೂ ನಡೆದೀತು. ಸನ್‌ಸ್ಕ್ರೀನಿನ ಮೂರನೇ ಟ್ಯೂಬು ಮುಗಿಯುವ ಹೊತ್ತಿಗೆ ತಾರೀಕು ದಾಟಿರುತ್ತದೆ.